ಸೌಟಮ್ಮನ ಕೈರುಚಿ

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಸೌಟು ಹಿಡಿದವಳನ್ನು ಜನ ಸೌಟಮ್ಮ ಎನ್ನದೆ ಇನ್ನೇನೆಂದು ಕರೆದಾರು? ಮೊದಲು ಕರೆದವರು ಯಾರೋ, ಉಳಿದದ್ದು ಮಾತ್ರ ಆ ಹೆಸರೇ. ಮಗನ ಮದುವೆಯ ಹೊತ್ತಿಗೆ ಬೀಗರೂ "ಬನ್ನಿ ಸೌಟಮ್ಮನವರೇ" ಎನ್ನುವಷ್ಟು ಅದು ಅಂಟಿಕೊಂಡಿತ್ತು. ಅವಳಿಗೂ ಬೇಸರವಿರಲಿಲ್ಲ. ಕಿರೀಟ ಹೊತ್ತವರು ತಲೆಭಾರ ಎನ್ನುತ್ತಾರೆಯೇ?

ಕೆಲಸ ಬಿಡುವಾಗ ಮಂಡಿನೋವು ಎಂದು ಹೇಳಿದ್ದಳು. ಶುದ್ಧ ಸುಳ್ಳು. ಮಂಡಿ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು, ನಡುಗುತ್ತಿದ್ದದ್ದು ಕೈ. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಮಣಿಕಟ್ಟು, ಆಮೇಲೆ ಎರಡೂ ಕೈ. ಒಂದು ದಿನ ಸೂಪಿನ ಬಟ್ಟಲು ಜಾರಿ ಬಿದ್ದಾಗ "ನೆಲ ಒರೆಸಿದೋರು ಯಾರು? ಕಾಲು ಜಾರ್ತು ನೋಡಿ" ಎಂದು ನೆಲದ ಮೇಲೆ ತಪ್ಪು ಹೊರಿಸಿ ಪಾರಾದಳು. ಇನ್ನೊಮ್ಮೆ ಬೀಳುವ ಮೊದಲು ಕೆಲಸ ಬಿಟ್ಟಳು. ತಿರುಗಿದರೆ ಡಾಕ್ಟರು ಸಿಗುವ ಕಟ್ಟಡದಲ್ಲಿ ಅಷ್ಟು ವರ್ಷ ದುಡಿದೂ ಒಬ್ಬ ಡಾಕ್ಟರಿಗೂ ಕೈ ತೋರಿಸಲಿಲ್ಲ. ಮನೆಯಲ್ಲೂ ಬಾಯಿ ಬಿಡಲಿಲ್ಲ. ಎಲ್ಲರ ಊಟವಾದ ಮೇಲೆ ಒಬ್ಬಳೇ ಉಣ್ಣುವುದು, ಅರ್ಧ ಲೋಟ ಕಾಫಿಯನ್ನೇ ಕುಡಿಯುವುದು, ಉಳಿದ ಹೊತ್ತು ಕೈಯನ್ನು ಶಾಲಿನ ಕೆಳಗೆ ಇಟ್ಟುಕೊಳ್ಳುವುದು, ಹೀಗೆ ಒಂದು ವರ್ಷ ದಾಟಿಸಿದಳು.

"ಅಜ್ಜಿಗೆ ಬೇಸಿಗೆಯಲ್ಲೂ ಚಳಿ" ಎಂದು ಮೊಮ್ಮಗಳು ನಗುತ್ತಿದ್ದಳು. ಹುಡುಗಿ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಬಾಯಿ ಆಗಲೇ ಡಿಗ್ರಿ ಮುಗಿಸಿತ್ತು.

ಮಗ ಸಿಟಿ ಬಸ್ಸಿನ ಡ್ರೈವರು. ಸೊಸೆ ಸೋಫಾ ಕಾರ್ಖಾನೆಯಲ್ಲಿ ಮೆತ್ತೆ ಹೊಲಿಯುತ್ತಿದ್ದಳು. ಮನೆ ಮೂರನೇ ಮಹಡಿಯಲ್ಲಿ. ಅಡುಗೆಮನೆಯಲ್ಲಿ ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಫ್ರಿಜ್ಜಿನ ಬಾಗಿಲು ತೆರೆಯುವ ಹಾಗಿರಲಿಲ್ಲ. ಅಂಥ ಅಡುಗೆಮನೆಗೆ ಸೊಸೆ ಒಂದು ಸಂಜೆ ಸ್ಲೋ ಕುಕ್ಕರೊಂದನ್ನು ಸೊಂಟದ ಮೇಲೆ ಹೊತ್ತು ತಂದಳು. ಅಂದು ಕಾರ್ಖಾನೆ ಕಾಯಮ್ಮಾಗಿ ಬಾಗಿಲು ಹಾಕಿತ್ತು. ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದ ಮೆಕ್ಸಿಕೋದ ಹೆಂಗಸು ತನ್ನ ದೇಶಕ್ಕೆ ಹೊರಡುವಾಗ ಕುಕ್ಕರನ್ನು ಇವಳಿಗೆ ಕೊಟ್ಟಿದ್ದಳು. ಅದರ ಜೊತೆಗೆ ತನ್ನ ಮನೆಯ ಒಂದು ಅಡುಗೆಯನ್ನೂ ಕಲಿಸಿ ಹೋಗಿದ್ದಳು.

"ಇದೇನಮ್ಮ ಇದು, ಕಲ್ಲುಗುಂಡಿನ ಹಾಗೆ?" ಎಂದಳು ಸೌಟಮ್ಮ.

"ಸ್ಲೋ ಕುಕ್ಕರ್ ಅತ್ತೆ. ಬೆಳಗ್ಗೆ ಹಾಕಿದ್ರೆ ಸಂಜೆಗೆ ಬೆಂದಿರುತ್ತೆ."

"ಸಂಜೆಗಾ! ಅಷ್ಟೊತ್ತಿಗೆ ನಾನು ಇಡೀ ಆಸ್ಪತ್ರೆಗೆ ಬಡಿಸಿ, ಪಾತ್ರೆ ತೊಳೆಸಿ, ಮನೆಗೆ ಬಂದು ಕಾಲು ಚಾಚಿರ್ತಿದ್ದೆ."

"ಈಗೇನು ಆತುರ ಅತ್ತೆ? ನಾನೂ ಮನೇಲೇ ಇರ್ತೀನಲ್ಲ ಇನ್ಮೇಲೆ."

ಒಬ್ಬನ ಸಂಬಳದಲ್ಲಿ ಮನೆ ಎಷ್ಟು ದಿನ ನಡೆದೀತೆಂದು ನಾಲ್ವರಿಗೂ ಗೊತ್ತಿತ್ತು.

ಮಾರನೆಯ ದಿನ ಸೊಸೆ ದನದ ಮಾಂಸವನ್ನು ಕಟುಕನಿಂದ ತೆಳ್ಳಗೆ ಅಗಲವಾಗಿ ಕತ್ತರಿಸಿಕೊಂಡು ಬಂದಳು. ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಲಟ್ಟಣಿಗೆಯಿಂದ ತಟ್ಟಿದಳು. ಸುಟ್ಟು ಸಿಪ್ಪೆ ತೆಗೆದ ದಪ್ಪ ಮೆಣಸಿನಕಾಯಿ, ಈರುಳ್ಳಿ, ಬೇಯಿಸಿ ಹಿಸುಕಿದ ಕಪ್ಪು ಬೀನ್ಸು, ಬೆರಳುದ್ದದ ಚೀಸು, ಇಷ್ಟನ್ನು ನಡುವೆ ಇಟ್ಟು ಸುರುಳಿ ಸುತ್ತಿದಳು. ಹತ್ತಿಯ ದಾರದಿಂದ ಮೆತ್ತೆಗೆ ಹಾಕುವ ಗಂಟನ್ನೇ ಹಾಕಿದಳು. ಎಳೆದರೆ ಬಿಗಿಯುತ್ತದೆ, ತುದಿ ಜಗ್ಗಿದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ. ಸುರುಳಿಗಳನ್ನು ಬಾಣಲೆಯಲ್ಲಿ ಕೆಂಪಗೆ ಮಾಡಿ, ನೆನೆಸಿದ ಒಣಮೆಣಸಿನಕಾಯಿಯನ್ನು ಟೊಮೆಟೊ, ಬೆಳ್ಳುಳ್ಳಿ, ಜೀರಿಗೆಯ ಜೊತೆ ರುಬ್ಬಿ ಮಾಡಿದ ಸಾಸಿನಲ್ಲಿ ಮುಳುಗಿಸಿ, ಕುಕ್ಕರಿನ ಮುಚ್ಚಳ ಹಾಕಿದಳು.

"ಅತ್ತೆ, ನಾನು ಕೆಲಸ ಕೇಳ್ಕೊಂಡು ಬರೋಕೆ ಹೋಗ್ತಿದ್ದೀನಿ. ಮುಚ್ಚಳ ಮಾತ್ರ ಎತ್ತಬೇಡಿ."

ಬೇಡ ಎಂದರೆ ಬಿಡುವವಳೇ? ಕ್ಯಾಂಟೀನಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ಇಣುಕಿ ಬಂದ ಕಣ್ಣು ಅವಳದು. ಎತ್ತಿದಳು, ಇಣುಕಿದಳು, ಮುಚ್ಚಿದಳು. ಕುದಿಯುವ ಸದ್ದೇ ಇಲ್ಲವಲ್ಲ ಎಂದು ಮತ್ತೆ ಎತ್ತಿದಳು. ಸಂಜೆಯವರೆಗೆ ಅದೇ ಕೆಲಸ. ಒಳಗಿನ ಶಾಖವೆಲ್ಲ ಅಡುಗೆಮನೆಗೆ ಹೋಯಿತು.

ರಾತ್ರಿ ಊಟಕ್ಕೆ ಕೂತ ಮಗ ಬಹಳ ಹೊತ್ತು ಅಗಿದ. "ನಮ್ಮ ಬಸ್ಸಿನ ಟೈರು ಇದಕ್ಕಿಂತ ಮೆತ್ತಗಿದೆ" ಎಂದ.

"ನಾನು ಹೇಳಲಿಲ್ವಾ?" ಎಂದಳು ಸೌಟಮ್ಮ. "ಬೆಂಕಿ ಕಾಣದ ಅಡುಗೆ ಅಡುಗೆನೇ ಅಲ್ಲ."

"ಅತ್ತೆ, ಎಷ್ಟು ಸಲ ಮುಚ್ಚಳ ಎತ್ತಿದ್ರಿ?"

"ನಾನ್ಯಾಕೆ ಎತ್ತಲಿ?"

"ಅಜ್ಜಿ, ನಿನ್ನ ಶಾಲಿನ ತುದಿ ಸಾಸಲ್ಲಿ ಕೆಂಪಗಾಗಿದೆ" ಎಂದಳು ಮೊಮ್ಮಗಳು.

ಮುಂದಿನ ಸಲ ಸೊಸೆ ಕುಕ್ಕರಿನ ಮುಚ್ಚಳಕ್ಕೆ ಸುತ್ತಲೂ ಸೋಫಾ ಪ್ಯಾಕಿಂಗಿನ ಟೇಪು ಸುತ್ತಿದಳು. ಮನೆಯವರೆಲ್ಲ ನಕ್ಕರು, ಸೌಟಮ್ಮ ಮುಖ ಊದಿಸಿಕೊಂಡಳು. ಸಂಜೆ ಟೇಪು ಬಿಚ್ಚಿದಾಗ ಬಂದ ವಾಸನೆಗೆ ಪಕ್ಕದ ಮನೆಯವರೂ ಬಾಗಿಲು ತೆರೆದು ನೋಡಿದರು. ಮಾಂಸ ಚಮಚ ತಾಕಿದರೆ ಬಿಡಿಸಿಕೊಳ್ಳುತ್ತಿತ್ತು. ಚೀಸು ಕರಗಿ ಬೀನ್ಸಿನೊಳಗೆ ಸೇರಿತ್ತು. ಎಲ್ಲರ ಊಟವಾದ ಮೇಲೆ ಸೌಟಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಉಂಡಳು.

"ಹೇಗಿತ್ತು ಅತ್ತೆ?"

"ಉಪ್ಪು ಒಂದು ಚೂರು ಜಾಸ್ತಿ."

ಮೊಮ್ಮಗಳು ಪಾತ್ರೆಯೊಳಗೆ ಇಣುಕಿದಳು. "ಇಲ್ಲಿ ನಾಲ್ಕಿತ್ತು, ಒಂದು ಉಳಿದಿದೆ. ಮೂರು ತಿಂದ ಮೇಲೆ ಉಪ್ಪು ಗೊತ್ತಾಯ್ತಾ ಅಜ್ಜಿ?"

ಸೊಸೆ ನಕ್ಕಳು. ಹಾಗೆ ನೋಡಿದರೆ ಅತ್ತೆ ಸೊಸೆ ಹಾವು ಮುಂಗುಸಿಯೇನೂ ಅಲ್ಲ. ಅಡುಗೆಮನೆ ಒಂದು, ಕೈ ನಾಲ್ಕು, ಅಷ್ಟೇ ತೊಂದರೆ.

ಎಡವಟ್ಟು ಆದದ್ದು ಒಂದು ಭಾನುವಾರ. ಸೊಸೆ, ಮೊಮ್ಮಗಳು ಬಟ್ಟೆಯ ಗಂಟು ಹೊತ್ತು ಬೀದಿ ಕೊನೆಯ ಲಾಂಡ್ರಿಗೆ ಹೋಗಿದ್ದರು. ಮಗ ಡ್ಯೂಟಿಯಲ್ಲಿದ್ದ. ಹಳೆಯ ಕ್ಯಾಂಟೀನಿನ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಅಲ್ಲಿನ ಉಸ್ತುವಾರಿ ಬಂದಳು. ಈಗ ಇಡೀ ಕ್ಯಾಂಟೀನು ಅವಳ ಕೈಯಲ್ಲಿತ್ತು. ಒಂದು ಕಾಲದಲ್ಲಿ ಸೌಟಮ್ಮನ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಾ ಮೂಗು ಒರೆಸಿಕೊಳ್ಳುತ್ತಿದ್ದವಳು.

"ಅಕ್ಕ, ಮಂಡಿ ಹೇಗಿದೆ?"

"ಇದೆಯಲ್ಲ, ಎಳ್ಕೊಂಡು ಹೋಗ್ತಿದೆ" ಎಂದು ಸೌಟಮ್ಮ ಮಂಡಿ ಸವರಿಕೊಂಡಳು. "ಕುಕ್ಕರಲ್ಲಿ ಏನೋ ಇದೆ, ನೀವೇ ಬಡಿಸ್ಕೊಳ್ಳಿ. ಹೊರಗಿನವರೇನಲ್ವಲ್ಲ."

ಉಸ್ತುವಾರಿ ಒಂದು ತುಂಡು ಬಾಯಿಗಿಟ್ಟಳು. ಇನ್ನೊಂದು ತುಂಡು ಇಟ್ಟಳು.

"ಅಯ್ಯೋ ಅಕ್ಕ! ನೀವು ಹೋದ ಮೇಲೆ ನಮ್ಮ ಕ್ಯಾಂಟೀನಿನ ಊಟಕ್ಕೆ ರೋಗಿಗಳು ಇನ್ನಷ್ಟು ರೋಗಿಗಳಾಗಿದ್ದಾರೆ. ಕೈರುಚಿ ಅಂದ್ರೆ ಇದು ನೋಡ್ರೇ. ವಯಸ್ಸಾದ್ರೂ ಕೈ ಎಲ್ಲಿ ಹೋಗುತ್ತೆ! ನೀವೇ ತಾನೇ ಮಾಡಿದ್ದು?"

ಶಾಲಿನ ಕೆಳಗೆ ಆ ಕೈ ಎಲೆಯ ಹಾಗೆ ಅದುರುತ್ತಿತ್ತು. ಕೈ ಎಲ್ಲಿ ಹೋಗುತ್ತೆ ಎಂಬ ಮಾತು ಕಿವಿಗೆ ಅಷ್ಟು ಹಿತವಾಗಿ ಬಿದ್ದು ವರ್ಷವಾಗಿತ್ತು.

"ಮತ್ತಿನ್ಯಾರು?" ಎಂದುಬಿಟ್ಟಳು.

"ಸೊಸೆ ಏನಾದ್ರೂ ಕೈ ಹಾಕ್ತಾಳಾ?"

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಒಂದು ಸುಳ್ಳಿಗೆ ಊರುಗೋಲು ಬೇಕಾಗುತ್ತದೆ. ಕೈಗೆ ಸಿಕ್ಕಿದ್ದು ಸೊಸೆ.

"ಅವಳಾ? ಸೋಫಾ ಹೊಲಿ ಅಂದ್ರೆ ಹೊಲೀತಾಳೆ. ನೀರು ಕಾಯಿಸೋಕೂ ಬರಲ್ಲ."

ಮೂವರೂ ಬಿದ್ದು ಬಿದ್ದು ನಕ್ಕರು. ಸೌಟಮ್ಮನೂ ನಕ್ಕಳು. ಹೋಗುವಾಗ ಉಸ್ತುವಾರಿ ಡಬ್ಬಿಯಲ್ಲಿ ನಾಲ್ಕು ಸುರುಳಿ ಹಾಕಿಸಿಕೊಂಡಳು.

ಸಂಜೆ ಖಾಲಿ ಕುಕ್ಕರು ಕಂಡು, ಬಂದವರು ಯಾರೆಂದು ಕೇಳಿ ಸೊಸೆ ಕಣ್ಣರಳಿಸಿದಳು. "ಎಲ್ಲಾ ಖರ್ಚಾಯ್ತಾ? ಅವರಿಗೆ ಇಷ್ಟ ಆಯ್ತಾ ಅತ್ತೆ?"

"ಬಾಯಿ ಚಪ್ಪರಿಸ್ಕೊಂಡು ತಿಂದ್ರು."

"ನಿಜವಾಗ್ಲೂ? ಕ್ಯಾಂಟೀನಿನೋರಾ?"

"ಹೂಂ ಅಂದೆನಲ್ಲ. ಮುಂದಿನ ವಾರ ಒಂದು ನಾಲ್ಕು ಜಾಸ್ತಿ ಮಾಡು, ಕಳಿಸೋಣ."

ಸೊಸೆಯ ಮುಖ ಅರಳಿತು. ಅತ್ತೆ ತನ್ನ ಅಡುಗೆಯನ್ನು ನಾಲ್ಕು ಜನರೆದುರು ಎತ್ತಿ ಹಿಡಿಯುತ್ತಿದ್ದಾಳೆ ಎಂದು ಅವಳು ತಿಳಿದಳು. ತಿಳಿಯದೆ ಇನ್ನೇನು? ಆ ಮುಖ ನೋಡಲಾರದೆ ಸೌಟಮ್ಮ ಕಿಟಕಿಯ ಕಡೆ ತಿರುಗಿ, ಬೀದಿಯಲ್ಲಿ ಏನೂ ಇಲ್ಲದಿದ್ದರೂ ಏನೋ ನೋಡಿದಳು.

ಹೀಗೆ ವಾರಗಳು ಕಳೆದವು. ಮಗನ ಬಸ್ಸು ಆಸ್ಪತ್ರೆಯ ಮುಂದೆಯೇ ಹಾದುಹೋಗುತ್ತಿತ್ತು. ಅವನು ಗೇಟಿನ ಹತ್ತಿರ ಡಬ್ಬಿ ಇಳಿಸಿ ಖಾಲಿ ಡಬ್ಬಿ ತರುತ್ತಿದ್ದ. ಡಬ್ಬಿಯ ಜೊತೆ ಹೊಗಳಿಕೆಯೂ ಬರುತ್ತಿತ್ತು. "ಸೌಟಮ್ಮನಿಗೆ ಕೈಮುಗಿದೆ ಅಂತ ಹೇಳಿ ಅಂದ್ರು" ಎಂದು ಮಗ ಹೇಳಿದಾಗ ಸೊಸೆ "ಕಳಿಸಿಕೊಟ್ಟಿದ್ದಕ್ಕೆ ಇರಬೇಕು" ಎಂದು ನಗುತ್ತಿದ್ದಳು. ಸೌಟಮ್ಮನಿಗೆ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ದಿನ ಊಟದ ಮಧ್ಯೆ ಸೊಸೆ ಹೇಳಿದಳು. "ಆಸ್ಪತ್ರೆ ಕ್ಯಾಂಟೀನಲ್ಲಿ ಅಡುಗೆಯವರು ಬೇಕಂತೆ. ಹೋಗಿ ಕೇಳೋಣ ಅಂತಿದ್ದೀನಿ."

"ಹೋಗು ಮತ್ತೆ!" ಎಂದ ಮಗ. "ನಿನ್ನ ಸುರುಳಿ ತಿಂದವರೇ ತಾನೇ ಅಲ್ಲಿರೋದು."

ಬಾಗಿಲ ಬಳಿ ಕೂತಿದ್ದ ಸೌಟಮ್ಮ ತಟ್ಟನೆ ತಲೆ ಎತ್ತಿದಳು. "ಅಲ್ಲಿಗಾ? ಬೇಡಮ್ಮ. ದೊಡ್ಡ ದೊಡ್ಡ ಪಾತ್ರೆ, ಸೊಂಟ ಮುರಿದು ಹೋಗುತ್ತೆ."

"ಸೋಫಾ ಎತ್ತಿದ ಸೊಂಟ ಅತ್ತೆ ಇದು."

"ಬೆಳಗ್ಗೆ ಕತ್ತಲಲ್ಲೇ ಹೋಗಬೇಕು."

"ಹೋಗ್ತೀನಿ. ನೀವು ಹೋಗಲಿಲ್ವಾ? ಉಸ್ತುವಾರಿ ಮೇಡಂಗೆ ನೀವೇ ಒಂದು ಮಾತು ಹೇಳಿ ಅತ್ತೆ, ಸಾಕು."

"ಹೇಳ್ತೀನಿ" ಎಂದಳು ಸೌಟಮ್ಮ.

ಹೇಳಲಿಲ್ಲ. ಎರಡು ಸಲ ಫೋನು ಕೈಗೆತ್ತಿಕೊಂಡಳು, ಎರಡು ಸಲವೂ ಕೆಳಗಿಟ್ಟಳು. ಏನೆಂದು ಹೇಳುವುದು? ನೀರು ಕಾಯಿಸಲು ಬಾರದವಳಿಗೆ ಅಡುಗೆ ಕೆಲಸ ಕೊಡು ಎಂದೇ? ಹೇಗೋ ಆಗುತ್ತದೆ, ಅಷ್ಟು ಜನ ಕೇಳಿಕೊಂಡು ಬರುವಲ್ಲಿ ಇವಳನ್ನು ಯಾರು ಮಾತಾಡಿಸುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೊಸೆ ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು, ತಾನು ರಾತ್ರಿಯಿಡೀ ಬೇಯಿಸಿದ ಸುರುಳಿಗಳನ್ನು ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟುಕೊಂಡು ಹೊರಟಳು. "ಬಾಯಲ್ಲಿ ಹೇಳೋದಕ್ಕಿಂತ ತಿನ್ನಿಸಿಬಿಡೋದೇ ಒಳ್ಳೇದಲ್ವಾ ಅತ್ತೆ?" ಎಂದಳು.

ಸಂಜೆಗೆ ಮುಂಚೆಯೇ ಬಂದಳು. ಚಪ್ಪಲಿ ಬಿಡದೆಯೇ ಮಂಚದ ತುದಿಯಲ್ಲಿ ಕೂತಳು. ಡಬ್ಬಿ ತೊಡೆಯ ಮೇಲಿತ್ತು. ಮಗ ಡ್ಯೂಟಿ ಮುಗಿಸಿ ಬಂದು ಶರ್ಟು ಬಿಚ್ಚುತ್ತಿದ್ದವನು ನಿಂತ.

"ಏನಾಯ್ತು?"

"ಒಂದು ತುಂಡು ಬಾಯಿಗಿಟ್ರು. ಮುಖ ಬದಲಾಯ್ತು. 'ಇದು ಸೌಟಮ್ಮನ ಅಡುಗೆ, ನಾನು ವಾರ ವಾರ ತಿಂತಿದ್ದೀನಿ' ಅಂದ್ರು. ನಾನು ಇಲ್ಲ ಮೇಡಂ, ನಾನೇ ಮಾಡಿದ್ದು ಅಂದೆ." ಸೊಸೆ ಡಬ್ಬಿಯನ್ನು ಅವುಚಿಕೊಂಡಳು. "'ಅತ್ತೆ ಮಾಡಿದ್ದನ್ನ ಕದ್ದು ತಂದು ನಂದು ಅಂತೀಯಲ್ಲ, ನಾಚಿಕೆ ಆಗಲ್ವಾ' ಅಂದ್ರು. ಎಲ್ಲರ ಮುಂದೆ. ಪಾತ್ರೆ ತೊಳೆಯೋರೂ ಕೆಲಸ ಬಿಟ್ಟು ನನ್ನನ್ನೇ ನೋಡ್ತಿದ್ರು."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ.

"ಅತ್ತೆ, ನೀವು ಅವರಿಗೆ ಏನು ಹೇಳಿದ್ರಿ?"

"ನಾನಾ? ನಾನೇನು ಹೇಳಲಿ?" ಎಂದಳು ಸೌಟಮ್ಮ.

"ಅಮ್ಮ ಹಾಗೆಲ್ಲ ಹೇಳೋಳಲ್ಲ" ಎಂದ ಮಗ.

ಸೊಸೆ ಗಂಡನ ಕಡೆ ತಿರುಗಿದಳು. "ಡಬ್ಬಿ ತಗೊಂಡು ಹೋಗ್ತಿದ್ದದ್ದು ನೀವು. ಏನಂತ ಕೊಡ್ತಿದ್ರಿ?"

"ಅಮ್ಮ ಕೊಟ್ಟಿದ್ದು ಅಂತ ಕೊಡ್ತಿದ್ದೆ. ಅಮ್ಮನೇ ತಾನೇ ನನ್ನ ಕೈಗೆ ಕೊಡ್ತಿದ್ದದ್ದು?"

"ಅಮ್ಮ ಕೊಟ್ಟಿದ್ದು! ಮಾಡಿದೋಳ ಹೆಸರು ಬಾಯಿಗೆ ಬರಲಿಲ್ವಾ? ಒಂದು ಸಲ? ಒಂದೇ ಒಂದು ಸಲ?"

"ಬಸ್ಸಲ್ಲಿ ಜನ ತುಂಬಿರ್ತಾರೆ, ಹಿಂದೆ ಹಾರ್ನ್ ಹೊಡೀತಿರ್ತಾರೆ, ಅಲ್ಲಿ ನಿಂತು ಪುರಾಣ ಹೇಳಲಾ?"

"ನಿಮಗೆ ಅದು ಪುರಾಣ. ನನ್ನನ್ನ ಕಳ್ಳಿ ಅಂದ್ರು, ಗೊತ್ತಾ ನಿಮಗೆ?"

ಜಗಳ ಜೋರಾಯಿತು. ತಪ್ಪು ಸುಲಭವಾಗಿ ಮಗನ ತಲೆಗೆ ಹೋಗಿ ಕೂತಿತು. ಆಗಲೂ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸೌಟಮ್ಮ ಶಾಲು ಎಳೆದುಕೊಂಡು ಸುಮ್ಮನೆ ಕೂತಿದ್ದಳು. ಹೆತ್ತ ಮಗನನ್ನು ಮುಂದೆ ನಿಲ್ಲಿಸಿ ತಾನು ಹಿಂದೆ ಅಡಗಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕುಕ್ಕರು ಬೀರುವಿನ ಮೇಲೇರಿತು. ಸೊಸೆ ಅಡುಗೆ ಬಿಡಲಿಲ್ಲ, ಅಡುಗೆಯ ಆಸೆ ಬಿಟ್ಟಳು. ದಿನವೂ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬೇಯಿಸಿದ ಆಲೂಗಡ್ಡೆ. ಗಂಡಹೆಂಡತಿ ಮಗಳ ಮೂಲಕ ಮಾತಾಡತೊಡಗಿದರು.

"ನಿಮ್ಮಪ್ಪನಿಗೆ ಹೇಳು, ಗ್ಯಾಸು ಮುಗಿದಿದೆ ಅಂತ."

"ನಿಮ್ಮಮ್ಮನಿಗೆ ಹೇಳು, ನಾಳೆ ತರ್ತೀನಿ ಅಂತ."

"ನಾನೇನು ಪೋಸ್ಟಾಫೀಸಾ?" ಎಂದು ಹುಡುಗಿ ಒಂದು ದಿನ ಕೂಗಿದಳು. "ಇನ್ನು ಮಾತಿಗೊಂದು ಸ್ಟಾಂಪು ಅಂಟಿಸಿ ಕೊಡಿ!" ಯಾರೂ ನಗಲಿಲ್ಲ. ಅವಳೇ ಅಳುತ್ತಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಮಧ್ಯಾಹ್ನ ಮಗ ತಾಯಿಯ ಪಕ್ಕ ಬಂದು ಕೂತ. ಯೂನಿಫಾರ್ಮಿನ ಕಾಲರು ಹರಿದಿತ್ತು. ಹೊಲಿದು ಕೊಡು ಎಂದು ಹೆಂಡತಿಯನ್ನು ಕೇಳಲು ಅವನಿಗೆ ಮುಖವಿರಲಿಲ್ಲ.

"ನನ್ನದೇ ತಪ್ಪು ಅಮ್ಮ" ಎಂದ. "ಅವಳ ಹೆಸರು ಹೇಳಿ ಕೊಡಬೇಕಿತ್ತು. ನನಗೆ ಅಷ್ಟೂ ಹೊಳೀಲಿಲ್ಲ. ನೀನು ಪಾಪ ಅವಳನ್ನ ಮುಂದೆ ತರಬೇಕು ಅಂತ ಅಷ್ಟು ಕಷ್ಟಪಟ್ಟೆ, ನಾನು ಎಲ್ಲಾ ಹಾಳು ಮಾಡಿದೆ."

ಸೌಟಮ್ಮನಿಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಐವತ್ತರ ಹತ್ತಿರದ ಮಗ, ತಲೆ ತಗ್ಗಿಸಿ, ಅವಳ ತಪ್ಪಿಗೆ ಅವಳ ಹತ್ತಿರವೇ ಕ್ಷಮೆ ಕೇಳುತ್ತಿದ್ದ.

"ನನ್ನ ಚಪ್ಪಲಿ ಎಲ್ಲಿದೆ?" ಎಂದಳು.

"ಎಲ್ಲಿಗಮ್ಮ?"

"ಆಸ್ಪತ್ರೆಗೆ."

"ಮಂಡಿ ತೋರಿಸೋಕಾ? ಬಾ, ನಾನೇ ಕರ್ಕೊಂಡು ಹೋಗ್ತೀನಿ."

"ನೀನು ಬರಬೇಡ" ಎಂದು ಬಾಗಿಲು ದಾಟಿದಳು.

ಕ್ಯಾಂಟೀನಿನಲ್ಲಿ ಊಟದ ಸಾಲು ಬಾಗಿಲವರೆಗೆ ನಿಂತಿತ್ತು. "ಸೌಟಮ್ಮ ಬಂದ್ರು!" ಎಂದು ಒಳಗಿನಿಂದ ಯಾರೋ ಕೂಗಿದರು. ಪಾತ್ರೆ ತೊಳೆಯುವವರು ಒದ್ದೆ ಕೈಯಲ್ಲೇ ಓಡಿ ಬಂದರು. ಉಸ್ತುವಾರಿ ಎದ್ದು ಬಂದು ತನ್ನ ಕುರ್ಚಿ ಎಳೆದುಕೊಟ್ಟಳು. ಸೌಟಮ್ಮ ಕೂರಲಿಲ್ಲ.

"ಒಂದು ಮಾತು ಹೇಳೋಕೆ ಬಂದೆ. ಆ ಸುರುಳಿಗಳನ್ನ ಮಾಡಿದ್ದು ನಾನಲ್ಲ. ನನ್ನ ಸೊಸೆ. ಮೊದಲನೇದರಿಂದ ಕೊನೇದರವರೆಗೂ ಅವಳೇ."

ಉಸ್ತುವಾರಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ತುಂಬಿತು.

"ಅಕ್ಕ, ಎಂಥಾ ದೊಡ್ಡ ಮನಸ್ಸು ನಿಮ್ಮದು!" ಅಡುಗೆಯವರ ಕಡೆ ತಿರುಗಿ ದನಿ ಎತ್ತಿದಳು. "ನೋಡ್ರೇ, ಅತ್ತೆ ಅಂದ್ರೆ ಹೀಗಿರಬೇಕು! ಸೊಸೆ ಮಾಡಿದ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ಳೋಕೆ, ಆ ಮಂಡಿ ಇಟ್ಕೊಂಡು ಇಲ್ಲಿವರೆಗೆ ಬಂದಿದ್ದಾರೆ!"

"ಇಲ್ಲ ಕಣೇ, ನಿಜ ಹೇಳ್ತಿದ್ದೀನಿ."

"ನಿಜ ಏನು ಅಂತ ನನ್ನ ನಾಲಿಗೆಗೆ ಗೊತ್ತಿಲ್ವಾ ಅಕ್ಕ? ನೀವೇ ಹೇಳಿದ್ರಲ್ಲ, ಅವಳಿಗೆ ನೀರು ಕಾಯಿಸೋಕೂ ಬರಲ್ಲ ಅಂತ."

ಸುತ್ತ ನಿಂತವರು ತಲೆದೂಗಿದರು. ಒಬ್ಬಳು ಸೌಟಮ್ಮನ ಕಾಲು ಮುಟ್ಟಲು ಬಗ್ಗಿದಳು. ಹೇಳಿಯಾಯಿತಲ್ಲ, ನಂಬದಿದ್ದರೆ ನಾನೇನು ಮಾಡಲಿ, ಮನೆಗೆ ಹೋಗಿಬಿಡೋಣ ಎಂದು ಅವಳ ಮನಸ್ಸಿಗೆ ಬಂದದ್ದು ಸುಳ್ಳಲ್ಲ. ನಾಲ್ಕು ಹೆಜ್ಜೆ ಬಾಗಿಲ ಕಡೆ ಇಟ್ಟದ್ದೂ ಸುಳ್ಳಲ್ಲ. ಈ ಸಲ ಹೋಗಿದ್ದರೆ ಮೊದಲಿಗಿಂತ ಎತ್ತರದ ಕಿರೀಟ ಹೊತ್ತುಕೊಂಡು ಹೋಗುತ್ತಿದ್ದಳು.

ತಿರುಗಿ ಬಂದು ಬಡಿಸುವ ಕಟ್ಟೆಯ ಹಿಂದೆ ನಿಂತಳು. "ಸೌಟು ಕೊಡಿ" ಎಂದಳು.

ಎಲ್ಲರೂ ಚಪ್ಪಾಳೆ ಹೊಡೆದರು. ಹಳೆಯ ನೆನಪಿಗೆ ಒಂದು ಸಾಲಿಗೆ ಬಡಿಸುತ್ತಾಳೆ ಎಂದುಕೊಂಡರು. ಸೌಟಮ್ಮ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದಳು. ಸೌಟನ್ನು ಸೂಪಿನ ಪಾತ್ರೆಗೆ ಇಳಿಸಿ ಎತ್ತಿದಳು. ಸಾಲಿನ ಮುಂದೆ ನಿಂತಿದ್ದ ರೋಗಿಯ ಕಡೆಯವನೊಬ್ಬ ಬಟ್ಟಲು ಚಾಚಿದ. ಸೌಟು ಬಟ್ಟಲಿನ ಅಂಚಿಗೆ ಟಕಟಕ ಬಡಿಯಿತು. ಸೂಪು ಕಟ್ಟೆಯ ಮೇಲೆ, ಅವನ ತೋಳಿನ ಮೇಲೆ, ಅವಳ ಸೀರೆಯ ಮೇಲೆ ಚೆಲ್ಲಿತು. ಬಟ್ಟಲಿಗೆ ಬಿದ್ದದ್ದು ಒಂದು ಗುಟುಕು. ಅವಳು ನಿಲ್ಲಿಸಲಿಲ್ಲ. ಇನ್ನೊಂದು ಸೌಟು ಎತ್ತಿದಳು. ಅದೂ ಹಾಗೆಯೇ. ಚಪ್ಪಾಳೆ ಯಾವಾಗಲೋ ನಿಂತಿತ್ತು.

"ಈ ಕೈಲಿ ಸುರುಳಿ ಸುತ್ತೋಕೆ ಆಗುತ್ತಾ?" ಎಂದು ಕೇಳಿದಳು. "ದಾರ ಕಟ್ಟೋಕೆ ಆಗುತ್ತಾ? ಒಂದು ವರ್ಷದ ಮೇಲಾಯ್ತು ಹೀಗಾಗಿ. ಮಂಡಿ ಚೆನ್ನಾಗೇ ಇದೆ. ನಾನು ನಿಮ್ಮೆಲ್ಲರಿಗೂ ಸುಳ್ಳು ಹೇಳಿದೆ. ಅವಳ ಅಡುಗೆ ತಿನ್ನಿಸಿ, ಅವಳನ್ನೇ ಆಡ್ಕೊಂಡು ನಕ್ಕೆ. ಕಳ್ಳತನ ಆದದ್ದು ನಿಜ. ಕದ್ದಿದ್ದು ನಾನು."

ಉಸ್ತುವಾರಿ ಅವಳ ಕೈಯಿಂದ ಸೌಟು ತೆಗೆದುಕೊಂಡಳು. ಯಾರೂ ಅಕ್ಕ ಎನ್ನಲಿಲ್ಲ. ತೋಳು ಒರೆಸಿಕೊಳ್ಳುತ್ತಿದ್ದ ಆ ಮನುಷ್ಯ ಮಾತ್ರ "ಪರವಾಗಿಲ್ಲಮ್ಮ, ಬಿಸಿ ಇರಲಿಲ್ಲ" ಎಂದ. ಅವಳು ಶಾಲು ಅಲ್ಲೇ ಮರೆತು ಹೊರಗೆ ಬಂದಳು.

ಬಸ್ಸಿನಲ್ಲಿ ಕೈ ತೊಡೆಯ ಮೇಲೆ ಕುಣಿಯುತ್ತಿತ್ತು, ಪಕ್ಕದಲ್ಲಿದ್ದವರು ನೋಡಿದರು, ನೋಡಲಿ ಎಂದು ಬಿಟ್ಟಳು. ಅಲ್ಲಿ ಹೇಳಿದ್ದು ಅರ್ಧ ಕೆಲಸ, ಮನೆಯಲ್ಲಿ ಹೇಳಬೇಕಾದದ್ದೇ ಉಳಿದಿದೆ ಎಂದು ಅವಳಿಗೆ ಗೊತ್ತಿತ್ತು. ಮೂರು ಮಹಡಿ ಹತ್ತುವಾಗ ಮಾತುಗಳನ್ನು ಜೋಡಿಸಿಕೊಂಡಳು. ಬಾಗಿಲು ತೆರೆದ ಸೊಸೆಯ ಮುಖ ಕಂಡದ್ದೇ ಜೋಡಿಸಿದ್ದೆಲ್ಲ ಚೆದುರಿತು.

"ಉಸ್ತುವಾರಿ ಮೇಡಂ ಫೋನ್ ಮಾಡಿದ್ರು" ಎಂದಳು ಸೊಸೆ. "ತಪ್ಪಾಯ್ತು ಅಂದ್ರು. ಕೆಲಸಕ್ಕೆ ಬಾ ಅಂದ್ರು."

"ಏನಂದೆ?"

"ಯೋಚನೆ ಮಾಡ್ತೀನಿ ಅಂದೆ. ಕಳ್ಳಿ ಅನ್ನಿಸ್ಕೊಂಡ ಜಾಗಕ್ಕೆ ಕರೆದ ತಕ್ಷಣ ಓಡಿ ಹೋಗೋಕೆ ಆಗುತ್ತಾ?"

ಒಳಗೆ ಮಗ ಮೇಜಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವನು ತಾಯಿಯ ಕಡೆ ನೋಡಲಿಲ್ಲ. ಮೊಮ್ಮಗಳು ನೋಡಿದಳು.

"ನೀರು ಕಾಯಿಸೋಕೂ ಬರಲ್ಲ ಅಂದ್ರಂತೆ" ಎಂದಳು ಸೊಸೆ.

"ಅಂದೆ."

"ನಕ್ಕರಂತೆ ಎಲ್ಲಾ."

"ನಾನೂ ನಕ್ಕೆ."

"ನಿಮ್ಮ ಕೈ ನಡುಗೋದು ನನಗೆ ಕಂಡಿತ್ತು ಅತ್ತೆ. ನೀವಾಗೇ ಹೇಳ್ತೀರಿ ಅಂತ ಸುಮ್ಮನಿದ್ದೆ. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಇವರಿಗೂ ಹೇಳಲಿಲ್ಲ. ನಾನು ನಿಮ್ಮ ಮಾನ ಮುಚ್ಚಿಟ್ಟೆ. ನೀವು ನಂದನ್ನ ಬೀದಿಗೆ ಹಾಕಿದ್ರಿ."

ಕ್ಯಾಂಟೀನಿನಲ್ಲಿ ಎಲ್ಲರೆದುರು ಬಾರದ ಕಣ್ಣೀರು ಈಗ ಬಂತು. "ತಪ್ಪಾಯ್ತು ಕಣಮ್ಮ. ನಿನ್ನ ಹತ್ತಿರ ಸುಳ್ಳು, ಮಗನ ಹತ್ತಿರ ಸುಳ್ಳು. ಅವನನ್ನ ನಿನ್ನ ಬಾಯಿಗೆ ಕೊಟ್ಟು ನೋಡ್ತಾ ಕೂತಿದ್ದೆ. ಅವನದೇನೂ ತಪ್ಪಿಲ್ಲ."

"ಗೊತ್ತಾಯ್ತು. ಇವರ ಹತ್ತಿರ ನಾನು ಮಾತಾಡಿ ಆಯ್ತು."

ಸೌಟಮ್ಮ ಬಾಗಿಲಲ್ಲೇ ನಿಂತಿದ್ದಳು. ಸೀರೆಯ ಮೇಲಿನ ಸೂಪು ಒಣಗಿ ಕಲೆಯಾಗಿತ್ತು. ಸೊಸೆ ಒಳಗೆ ಹೋಗಿ ತಟ್ಟೆಗಳನ್ನು ಮೇಜಿನ ಮೇಲೆ ಇಡತೊಡಗಿದಳು. ಅವತ್ತು ಇದ್ದದ್ದು ಅನ್ನ, ಬೇಯಿಸಿದ ಆಲೂಗಡ್ಡೆ.

"ನನ್ನ ಮೇಲೆ ಕೋಪ ಹೋಗಲ್ವಾ?" ಎಂದು ಸೌಟಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ ಅತ್ತೆ. ಇನ್ನೂ ಇದೆ, ತುಂಬಾ ಇದೆ" ಎಂದಳು ಸೊಸೆ, ತಟ್ಟೆಯಿಂದ ತಲೆ ಎತ್ತದೆ. "ಕೋಪ ಬೇರೆ, ಊಟ ಬೇರೆ. ಬಂದು ಎಲ್ಲರ ಜೊತೆ ಕೂತ್ಕೊಳ್ಳಿ."

ಸೌಟಮ್ಮ ಬಂದು ಮಗನ ಎದುರು ಕೂತಳು. ಮೂವರ ಮುಂದೆ ತುತ್ತು ಎತ್ತಿದಳು. ಅರ್ಧ ಬಾಯಿಗೆ ಹೋಯಿತು, ಅರ್ಧ ಮೇಜಿನ ಮೇಲೆ ಬಿತ್ತು. ಅವಳು ಇನ್ನೊಂದು ತುತ್ತಿಗೆ ಕೈ ಹಾಕಿದಳು.